ಸೈನಿಕ ಶಾಲೆ ತಂದ ಶಾಸಕ, ಚುನಾವಣೆ ಸೋತ ಕ್ಯಾಪ್ಟನ್, ಊರಿಗೆ ಬರಲಿರುವ ಅಗ್ನಿವೀರ

ನಾನು ಅಮೀನಗಡದಿಂದ ಮಾತಾಡ್ತಿದ್ದೀನಿ. ನಮ್ಮೂರು ಗೊತ್ತಿಲ್ಲದವರಿಗೆ ಒಂದೇ ಮಾತಲ್ಲಿ ಹೇಳಬೇಕಂದ್ರೆ, ಕರದಂಟಿನ ಊರು. ಬಾಗಲಕೋಟೆ ಜಿಲ್ಲೆ, ಹುನಗುಂದ ವಿಧಾನಸಭಾ ಕ್ಷೇತ್ರ. ಒಂದು ಕಡೆ ಇಳಕಲ್ಲಿನ ಸೀರೆ, ಇನ್ನೊಂದು ಕಡೆ ಐಹೊಳೆಯ ಗುಡಿಗಳು, ನಡುವೆ ನಾವು.

ಇವತ್ತಿನ ಪ್ರಶ್ನೆ ಇದು. ಸೇನೆಯ ಯೂನಿಫಾರ್ಮ್ ಹಾಕಿ ದೇಶ ಕಾಯ್ದು ಬಂದವರು ಮುಂದೆ ಶಾಸಕರಾಗೋದು ನಮ್ಮ ಕರ್ನಾಟಕದಲ್ಲಿ ಯಾಕೆ ಇಷ್ಟು ಅಪರೂಪ? ವಿಧಾನಸಭೆಯಲ್ಲಿ 224 ಸೀಟು, ವಿಧಾನ ಪರಿಷತ್ತಿನಲ್ಲಿ 75. ಶಾಸಕರಾದ ವಕೀಲರ ಹೆಸರು ಹೇಳಿ ಅಂದ್ರೆ ಪಟಪಟ ಹೇಳ್ತೀರಿ. ಡಾಕ್ಟರು, ಕಾಂಟ್ರಾಕ್ಟರು, ಸಿನಿಮಾದವರು, ಎಲ್ಲರ ಹೆಸರೂ ಬರುತ್ತೆ. ಮಾಜಿ ಸೈನಿಕರ ಹೆಸರು ಹೇಳಿ ಅಂದ್ರೆ? ನಾನು ಇದನ್ನ ನಮ್ಮೂರ ಚಹಾ ಅಂಗಡಿಯಲ್ಲಿ ಕೇಳಿದೆ. ಒಬ್ಬರು ತಲೆ ಕೆರೆದುಕೊಂಡು, "ಪಂಜಾಬಿನಾಗ ಒಬ್ಬಾಂವ ಇದ್ದನಲ್ರೀ" ಅಂದ್ರು. ಕರ್ನಾಟಕ ದಾಟಿ ಪಂಜಾಬಿಗೆ ಹೋಗಬೇಕಾಯ್ತು.

ಆದ್ರೆ ನಮ್ಮ ಕಡೆ ಸೈನಿಕರು ಕಡಿಮೆ ಅಂತ ಅಲ್ಲ. ಬೆಳಗಿನ ಜಾವ ಐದಕ್ಕೆ ರಸ್ತೆಗೆ ಇಳಿದ್ರೆ ಓಡುವ ಹುಡುಗರು ಸಿಗ್ತಾರೆ. ಮೊಬೈಲ್‌ನಲ್ಲಿ ಟೈಮರ್ ಹಾಕಿಕೊಂಡು 1600 ಮೀಟರ್ ಓಟ, ಅಂದ್ರೆ ಸೇನಾ ಭರ್ತಿಯ ಓಟ. ರಜೆ ಮುಗಿಸಿ ಡ್ಯೂಟಿಗೆ ಹೋಗುವ ಜವಾನನ ಟ್ರಂಕಿನಲ್ಲಿ ಕರದಂಟಿನ ಡಬ್ಬಿ ಇರಲೇಬೇಕು. ನಮ್ಮ ಜಿಲ್ಲೆಯ ಮುಧೋಳದ ನಾಯಿಯೂ 2016ರಲ್ಲಿ ಸೇನೆಗೆ ತರಬೇತಿಗೆ ಹೋಯ್ತು. ಊರಿನಿಂದ ಸೇನೆಗೆ ಹೋಗುವ ದಾರಿ ಚೆನ್ನಾಗಿ ಸವೆದಿದೆ. ಸೇನೆಯಿಂದ ವಿಧಾನಸೌಧಕ್ಕೆ ಬರುವ ದಾರಿಯಲ್ಲಿ ಮಾತ್ರ ಹೆಜ್ಜೆ ಗುರುತು ಕಾಣೋದಿಲ್ಲ.

ಮೊದಲು ಒಂದು ನಿಯಮ ತಿಳ್ಕೊಳ್ಳೋಣ. ಸೇವೆಯಲ್ಲಿರುವ ಸೈನಿಕ ಚುನಾವಣೆಗೆ ನಿಲ್ಲುವ ಹಾಗಿಲ್ಲ. ಪಕ್ಷದ ಸದಸ್ಯನಾಗುವ ಹಾಗಿಲ್ಲ, ರಾಜಕೀಯ ಸಭೆಯಲ್ಲಿ ಭಾಗವಹಿಸುವ ಹಾಗಿಲ್ಲ. 1954ರ ಸೇನಾ ನಿಯಮಗಳೇ ಹಾಗೆ ಹೇಳುತ್ತವೆ. ಇದು ಒಳ್ಳೆಯ ನಿಯಮ. ಸುತ್ತಮುತ್ತಲಿನ ಕೆಲವು ದೇಶಗಳಲ್ಲಿ ಸೇನೆ ರಾಜಕೀಯಕ್ಕೆ ಕೈ ಹಾಕಿ ಏನಾಯ್ತು ಅಂತ ನಿಮಗೆ ಗೊತ್ತು. ನಮ್ಮಲ್ಲಿ ಹಾಗಾಗಲಿಲ್ಲ ಅಂದ್ರೆ ಅದಕ್ಕೆ ಈ ಗೆರೆಯೂ ಒಂದು ಕಾರಣ. ಆದ್ರೆ ಯೂನಿಫಾರ್ಮ್ ಕಳಚಿದ ಮರುದಿನ ಅದೇ ಮನುಷ್ಯ ನಮ್ಮ ನಿಮ್ಮ ಹಾಗೆ ಸಾಮಾನ್ಯ ನಾಗರಿಕ. ಅವನು ಚುನಾವಣೆಗೆ ನಿಲ್ಲಬಹುದು, ಗೆಲ್ಲಬಹುದು, ಮಂತ್ರಿಯೂ ಆಗಬಹುದು.

"ಸೈನಿಕರಿಗೆ ದಿಲ್ಲಿ ಇದೆಯಲ್ಲ, ರಾಜ್ಯದ ಶಾಸಕನಿಗೂ ಸೈನಿಕನಿಗೂ ಏನು ಸಂಬಂಧ?" ಅಂತ ನೀವು ಕೇಳಬಹುದು. ನಮ್ಮ ಸಂವಿಧಾನದಲ್ಲಿ ರಕ್ಷಣೆ ಕೇಂದ್ರದ ಪಟ್ಟಿಯಲ್ಲಿದೆ, ನಿಜ. ಗಡಿ, ಬಂದೂಕು, ಸಂಬಳ, ಪಿಂಚಣಿ, ಎಲ್ಲ ದಿಲ್ಲಿಯ ಲೆಕ್ಕ. ಆದ್ರೆ ಜವಾನ ಊರಿಗೆ ವಾಪಸ್ ಬಂದ ಮೇಲೆ? ಅವನಿಗೆ ಜಮೀನು ಮಂಜೂರಾಗಬೇಕಾದ್ರೆ ಕಂದಾಯ ಇಲಾಖೆ, ಅದು ರಾಜ್ಯ. ಪೊಲೀಸ್ ಕೆಲಸದಲ್ಲಿ ಮಾಜಿ ಸೈನಿಕರ ಕೋಟಾ, ಅದು ರಾಜ್ಯ. ಮಕ್ಕಳ ಶಾಲೆ, ಆಸ್ಪತ್ರೆ, ಹೊಲಕ್ಕೆ ಕರೆಂಟು, ಎಲ್ಲವೂ ರಾಜ್ಯ. ಸೈನಿಕನ ಮೊದಲ ಬದುಕನ್ನ ದಿಲ್ಲಿ ನಡೆಸುತ್ತೆ. ಅವನ ಎರಡನೇ ಬದುಕು ಬಹುಪಾಲು ಬೆಂಗಳೂರಿನ ಕೈಯಲ್ಲಿದೆ. ಮೂವತ್ತೆಂಟಕ್ಕೆ ರಿಟೈರ್ ಆದ ಜವಾನನ ಆ ಎರಡನೇ ಬದುಕು ಮೂವತ್ತು ನಲವತ್ತು ವರ್ಷದ್ದು. ಹಾಗಾಗಿ ಅಲ್ಲಿ ಅವನ ಪರವಾಗಿ ಯಾರು ಮಾತಾಡ್ತಾರೆ ಅನ್ನೋದು ಸಣ್ಣ ವಿಷಯ ಅಲ್ಲ.

ಈಗ ಕಥೆಗೆ ಬರೋಣ. ಕಥೆ ಶುರುವಾಗೋದು ನಮ್ಮದೇ ಹುನಗುಂದ ಕ್ಷೇತ್ರದಿಂದ, ಯೂನಿಫಾರ್ಮನ್ನೇ ಹಾಕದ ಒಬ್ಬ ಶಾಸಕರಿಂದ.

ಅವರ ಹೆಸರು ಶಿವಲಿಂಗಪ್ಪ ರುದ್ರಪ್ಪ ಕಂಠಿ. ಎಲ್ಲರೂ ಎಸ್.ಆರ್. ಕಂಠಿ ಅಂತಾರೆ. ಹುಟ್ಟಿದ್ದು 1908ರಲ್ಲಿ, ಬಾದಾಮಿ ಹತ್ತಿರದ ಕೆರೂರಿನಲ್ಲಿ. ಆಗ ನಮ್ಮ ಭಾಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಹಾಗಾಗಿ ಹುಡುಗರು ಓದೋದಕ್ಕೆ ಕೊಲ್ಹಾಪುರದ ಕಡೆ ಹೋಗುತ್ತಿದ್ದ ಕಾಲ. ಕಂಠಿಯವರೂ ಕೊಲ್ಹಾಪುರದಲ್ಲಿ ಓದಿ ವಕೀಲರಾದರು, ಕಾಂಗ್ರೆಸ್ ಸೇರಿದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಹುನಗುಂದದಿಂದ ಗೆದ್ದು ಮುಂಬಯಿ ವಿಧಾನಸಭೆಗೆ ಹೋದರು, ಅಲ್ಲಿ ಉಪಸಭಾಧ್ಯಕ್ಷರಾದರು.

1956ರ ನವೆಂಬರ್ 1ಕ್ಕೆ ರಾಜ್ಯಗಳ ಪುನರ್ವಿಂಗಡಣೆ ಆಯ್ತು. ವಿಜಾಪುರ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಅಮೀನಗಡ, ಹುನಗುಂದ ಎಲ್ಲ ಆಗ ವಿಜಾಪುರ ಜಿಲ್ಲೆಯಲ್ಲೇ ಇದ್ದವು, ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಹೊಸ ರಾಜ್ಯದ ಸದನ ಅಂದ್ರೆ ಹೇಗಿರಬೇಕು ಯೋಚನೆ ಮಾಡಿ. ಹಳೆ ಮೈಸೂರಿನವರು, ಮುಂಬಯಿ ಕರ್ನಾಟಕದವರು, ಹೈದರಾಬಾದ್ ಕರ್ನಾಟಕದವರು, ಮದ್ರಾಸ್ ಕಡೆಯಿಂದ ಬಂದ ಕರಾವಳಿಯವರು, ಕೊಡಗಿನವರು. ಐದು ಬೇರೆ ಬೇರೆ ಆಡಳಿತ ಕಂಡ ಜನ, ಒಂದೇ ಛಾವಣಿ ಕೆಳಗೆ. ಆ ಸದನದ ಸಭಾಧ್ಯಕ್ಷರಾಗಿ 1956ರ ಡಿಸೆಂಬರ್‌ನಲ್ಲಿ ಕಂಠಿ ಆಯ್ಕೆಯಾದರು. 1962ರವರೆಗೂ ಆ ಕುರ್ಚಿಯಲ್ಲಿದ್ದರು.

1962ರ ಚುನಾವಣೆಯಲ್ಲಿ ಒಂದು ವಿಚಿತ್ರ ಆಯ್ತು. ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್. ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತುಬಿಟ್ಟರು. ಪಕ್ಷ ಗೆದ್ದಿದೆ, ಮುಖ್ಯಮಂತ್ರಿ ಆಗಬೇಕಾದವರೇ ಸೋತಿದ್ದಾರೆ. ಆಗ ಮುಖ್ಯಮಂತ್ರಿಯಾದವರು ಹುನಗುಂದದ ಶಾಸಕ ಕಂಠಿ. 1962ರ ಮಾರ್ಚ್ 14ರಂದು ಅಧಿಕಾರ ವಹಿಸಿಕೊಂಡರು. ನಿಜಲಿಂಗಪ್ಪ ನಮ್ಮ ಬಾಗಲಕೋಟೆಯ ಉಪಚುನಾವಣೆಯಿಂದ ಸದನಕ್ಕೆ ಬಂದರು. ಜೂನ್‌ನಲ್ಲಿ ಕಂಠಿ ಕುರ್ಚಿ ಬಿಟ್ಟುಕೊಟ್ಟರು. ಇದ್ದದ್ದು ಹೆಚ್ಚುಕಡಿಮೆ ನೂರು ದಿನ.

ಇದಕ್ಕೆ ಅವರನ್ನ ರಾಮಾಯಣದ ಭರತನಿಗೆ ಹೋಲಿಸ್ತಾರೆ. ನನಗೆ ಇನ್ನೊಂದು ಹೋಲಿಕೆ ಹೊಳೆಯುತ್ತೆ. ಸೇನೆಯಲ್ಲಿ ಕಾವಲಿಗೆ ನಿಂತವನು ತನ್ನ ಬದಲಿ ಬರುವವರೆಗೂ ಜಾಗ ಬಿಡೋದಿಲ್ಲ. ಬದಲಿ ಬಂದ ಮೇಲೆ ಒಂದು ನಿಮಿಷ ಹೆಚ್ಚು ನಿಲ್ಲೋದೂ ಇಲ್ಲ. ಚಾರ್ಜ್ ಕೊಟ್ಟು ಹೊರಡ್ತಾನೆ. ಕಂಠಿಯವರು ಸೈನಿಕರಲ್ಲ, ಆದ್ರೆ ಮಾಡಿದ್ದು ಅದೇ. ಇವತ್ತು ಗ್ರಾಮ ಪಂಚಾಯ್ತಿ ಅಧ್ಯಕ್ಷರ ಅವಧಿ ಹಂಚಿಕೆಯ ಒಪ್ಪಂದವೇ ಉಳಿಯೋದು ಕಷ್ಟ. ಮುಖ್ಯಮಂತ್ರಿ ಕುರ್ಚಿ ಬಿಡೋದು ಎಂಥ ಮಾತು ಅಂತ ನೀವೇ ಲೆಕ್ಕ ಹಾಕಿ.

ಅದಾದ ಮೇಲೆ ಕಂಠಿ ನಿಜಲಿಂಗಪ್ಪ ಸಂಪುಟದಲ್ಲಿ ಶಿಕ್ಷಣ ಮಂತ್ರಿಯಾದರು. ನಮ್ಮ ಇವತ್ತಿನ ಕಥೆಗೆ ಬೇಕಾದ ಭಾಗ ಇಲ್ಲಿದೆ. 1961ರಲ್ಲಿ ಕೇಂದ್ರ ಸರ್ಕಾರ ಸೈನಿಕ ಶಾಲೆಗಳ ಯೋಜನೆ ಶುರು ಮಾಡಿತ್ತು. ಮೊದಲ ಶಾಲೆ ಮಹಾರಾಷ್ಟ್ರದ ಸಾತಾರಾದಲ್ಲಿ. ಅಲ್ಲಿಯವರೆಗೆ ಸೇನಾ ಅಧಿಕಾರಿ ಆಗೋದು ಬಹುತೇಕ ದೊಡ್ಡ ಮನೆತನದ, ದುಬಾರಿ ಶಾಲೆಯ ಮಕ್ಕಳ ಭಾಗ್ಯ ಅನ್ನುವ ಹಾಗಿತ್ತು. ಹಳ್ಳಿಯ ಹುಡುಗನೂ ಪರೀಕ್ಷೆ ಬರೆದು ಒಳಗೆ ಬರಲಿ, ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ತಯಾರಾಗಲಿ ಅನ್ನೋದು ಈ ಶಾಲೆಗಳ ಉದ್ದೇಶ. 1962ರ ಅಕ್ಟೋಬರ್, ನವೆಂಬರ್‌ನಲ್ಲಿ ಚೀನಾ ಯುದ್ಧ ನಡೀತು, ದೇಶಕ್ಕೆ ದೊಡ್ಡ ಪೆಟ್ಟು ಬಿತ್ತು. ಮರುವರ್ಷ, 1963ರ ಸೆಪ್ಟೆಂಬರ್ 16ರಂದು, ವಿಜಾಪುರದಲ್ಲಿ ಸೈನಿಕ ಶಾಲೆ ತೆರೆಯಿತು. ಕರ್ನಾಟಕದ ಮೊದಲ ಸೈನಿಕ ಶಾಲೆ. ಎರಡನೆಯದು ಕೊಡಗಿನ ಕೂಡಿಗೆಗೆ ಬಂದದ್ದು 2007ರಲ್ಲಿ, ನಾಲ್ಕು ದಶಕದ ನಂತರ.

ಯೋಚನೆ ಮಾಡಿ. ಸೇನೆ ಅಂದ ಕೂಡಲೇ ಕರ್ನಾಟಕದಲ್ಲಿ ಕೊಡಗು ನೆನಪಾಗುತ್ತೆ, ಕಾರ್ಯಪ್ಪ, ತಿಮ್ಮಯ್ಯ ಅವರ ನಾಡು. ಬೆಂಗಳೂರಿನಲ್ಲಿ ದಂಡು ಪ್ರದೇಶವೇ ಇದೆ. ಆದ್ರೂ ಮೊದಲ ಶಾಲೆ ಬಂದದ್ದು ಬರಗಾಲದ ಬಿಜಾಪುರಕ್ಕೆ. ಶಿಕ್ಷಣ ಮಂತ್ರಿ ಇದೇ ನೆಲದವರಾಗಿದ್ದದ್ದು ಅದಕ್ಕೆ ಬಲ ಕೊಟ್ಟಿತು. ಹೆಣ್ಣುಮಕ್ಕಳ ವಿಷಯದಲ್ಲಂತೂ ಇನ್ನೂ ಮುಂದೆ ಹೋದರು. ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಬಾಲಕಿಯರ ವಸತಿ ಸೈನಿಕ ಶಾಲೆ 1969ರಲ್ಲಿ ಶುರುವಾಯ್ತು, ಅದರ ಸ್ಥಾಪಕ ಅಂತ ಇವತ್ತಿಗೂ ಕಂಠಿಯವರನ್ನೇ ನೆನೆಯುತ್ತಾರೆ. ದೇಶದ ಎಲ್ಲ ಸೈನಿಕ ಶಾಲೆಗಳ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದದ್ದು 2021ರಲ್ಲಿ. ಐವತ್ತು ವರ್ಷಕ್ಕೂ ಹೆಚ್ಚಿನ ಅಂತರ. ಅದೇ 1969ರ ಡಿಸೆಂಬರ್‌ನಲ್ಲಿ ಕಂಠಿ ತೀರಿಕೊಂಡರು.

ಒಬ್ಬ ಶಾಸಕ, ಸೇನೆಗೆ ಎಂದೂ ಸೇರದವನು, ಸೇನೆಯ ಕಡೆಗೆ ಒಂದು ಬಾಗಿಲು ತೆರೆದ. ಆ ಬಾಗಿಲಿಂದ ಒಳಗೆ ಹೋದ ಒಬ್ಬ ಹುಡುಗನ ಕಥೆ ಈಗ ಕೇಳಿ. ಅವನು ಇನ್ನೊಂದು ಕಡೆಯಿಂದ ವಾಪಸ್ ಬಂದು ವಿಧಾನಸಭೆಯ ಬಾಗಿಲು ತಟ್ಟಿದ.

ಹಾಸನ ಜಿಲ್ಲೆಯ ಗೊರೂರಿನ ಹುಡುಗ. ತಂದೆ ಮೇಷ್ಟ್ರು. ಅವನು ಪರೀಕ್ಷೆ ಪಾಸು ಮಾಡಿ ವಿಜಾಪುರದ ಹೊಸ ಸೈನಿಕ ಶಾಲೆಗೆ ಬಂದ. ಅಲ್ಲಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಆಮೇಲೆ ಸೇನೆ. 1971ರ ಬಾಂಗ್ಲಾದೇಶ ಯುದ್ಧದಲ್ಲಿ ಪಾಲ್ಗೊಂಡ. ಸುಮಾರು ಎಂಟು ವರ್ಷ ಸೇವೆ ಮಾಡಿ, ಮೂವತ್ತಾಗುವ ಮೊದಲೇ ಕ್ಯಾಪ್ಟನ್ ಆಗಿದ್ದಾಗ ಸೇನೆ ಬಿಟ್ಟು ಊರಿಗೆ ಬಂದ. ಹೊಲ ಮಾಡಿದ, ರೇಷ್ಮೆ ಬೆಳೆದ. ಹೌದು, ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಸಾಮಾನ್ಯ ಜನರನ್ನ ವಿಮಾನ ಹತ್ತಿಸಿದವರು. ಸೂರ್ಯ ನಟಿಸಿದ 'ಸೂರರೈ ಪೋಟ್ರು' ಸಿನಿಮಾಗೆ ಸ್ಫೂರ್ತಿ ಇವರ ಬದುಕು. ಸಿನಿಮಾ ನೀವು ನೋಡಿರ್ತೀರಿ.

ಆ ಸಿನಿಮಾದಲ್ಲಿ ಇಲ್ಲದ ಒಂದು ಅಧ್ಯಾಯ ಇದೆ. 1994ರ ವಿಧಾನಸಭಾ ಚುನಾವಣೆಯಲ್ಲಿ ಗೋಪಿನಾಥ್ ಹಾಸನ ಜಿಲ್ಲೆಯ ಗಂಡಸಿ ಕ್ಷೇತ್ರದಿಂದ ಬಿಜೆಪಿ ಅಭ್ಯರ್ಥಿಯಾಗಿ ನಿಂತರು. ಸೋತರು. ಆಮೇಲೆ 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತರು. ಆಗ ಅವರ ಹೆಸರು ದೇಶಕ್ಕೇ ಗೊತ್ತಿತ್ತು. ಆಗಲೂ ಸೋತರು.

ಯುದ್ಧ ಮಾಡಿ ಬಂದವರು, ರೈತ, ಸಾಹಸಿ ಉದ್ಯಮಿ. ಒಬ್ಬ ಅಭ್ಯರ್ಥಿಯಲ್ಲಿ ಇನ್ನೇನು ಬೇಕು? ಆದ್ರೂ ಗೆಲ್ಲಲಿಲ್ಲ. ಇದು ಗೋಪಿನಾಥ್ ಒಬ್ಬರ ಕಥೆಯೂ ಅಲ್ಲ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕ, ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ, 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ಉತ್ತರಾಖಂಡದ ಬಿ.ಸಿ. ಖಂಡೂರಿ ಮೇಜರ್ ಜನರಲ್ ಆಗಿದ್ದವರು, ಎರಡು ಸಲ ಮುಖ್ಯಮಂತ್ರಿ ಆದವರು. 2012ರಲ್ಲಿ ಮುಖ್ಯಮಂತ್ರಿಯಾಗಿ ಇದ್ದುಕೊಂಡೇ ಕೋಟದ್ವಾರದಲ್ಲಿ ತಮ್ಮ ಸೀಟು ಕಳಕೊಂಡರು. ಅದೂ ಮನೆಮನೆಯಿಂದ ಸೇನೆಗೆ ಹೋಗುವ ರಾಜ್ಯದಲ್ಲಿ.

ಅಂದ್ರೆ ಯೂನಿಫಾರ್ಮಿಗೆ ಜನ ಎದ್ದು ನಿಂತು ಸೆಲ್ಯೂಟ್ ಹೊಡೀತಾರೆ, ಆದ್ರೆ ಬಟನ್ ಒತ್ತೋದು ಬೇರೆ ಲೆಕ್ಕದಲ್ಲಿ. ಆ ಲೆಕ್ಕ ಏನು?

ನನಗೆ ಕಾಣುವ ಮೊದಲ ಕಾರಣ, ಸೈನಿಕ ಊರಲ್ಲಿ ಇರೋದಿಲ್ಲ. ರಾಜಕೀಯಕ್ಕೆ ಇಳಿಯುವವನು ಇಪ್ಪತ್ತನೇ ವಯಸ್ಸಿನಿಂದ ಮದುವೆಗೆ ಹೋಗ್ತಾನೆ, ಮಣ್ಣಿಗೆ ಹೋಗ್ತಾನೆ, ತಹಶೀಲ್ದಾರ್ ಕಚೇರಿಯಲ್ಲಿ ಯಾರದೋ ಅರ್ಜಿ ಹಿಡಿದು ನಿಲ್ತಾನೆ, ಜಾತ್ರೆಗೆ ಪಟ್ಟಿ ಎತ್ತುತ್ತಾನೆ. ಅದೇ ಹದಿನೈದು ಹದಿನೇಳು ವರ್ಷ ಜವಾನ ಲೇಹ್‌ನಲ್ಲೋ ತೇಜ್‌ಪುರದಲ್ಲೋ ಇರ್ತಾನೆ. ವರ್ಷಕ್ಕೆ ಒಂದೆರಡು ತಿಂಗಳು ರಜೆಗೆ ಬಂದ್ರೆ ಮನೆ ರಿಪೇರಿ, ತಂಗಿ ಮದುವೆ ಅಷ್ಟರಲ್ಲಿ ಮುಗೀತು. ಊರಿನ ಹೊಸ ಪೀಳಿಗೆಗೆ ಅವನ ಮುಖ ಗೊತ್ತಿಲ್ಲ. ಅವನಿಗೆ ಅವರ ಹೆಸರು ಗೊತ್ತಿಲ್ಲ.

ಎರಡನೆಯದು, ದುಡ್ಡು ಮತ್ತು ಜಾತಿ. ಇದನ್ನ ಸುತ್ತಿ ಬಳಸಿ ಹೇಳೋದು ಬೇಡ. ಸೇನೆಯಲ್ಲಿ ಅವನನ್ನ ಗುರುತಿಸಿದ್ದು ನಂಬರ್ ಮತ್ತು ರ್‍ಯಾಂಕ್. ಊರಿಗೆ ಬಂದ ಮೇಲೆ ಟಿಕೆಟ್ ಕೊಡುವವರು ಕೇಳೋದು, ನಿಮ್ಮ ಸಮಾಜದ ಓಟು ಎಷ್ಟಿವೆ, ಎಷ್ಟು ಖರ್ಚು ಮಾಡ್ತೀರಿ ಅಂತ.

ಮೂರನೆಯದು ಸೈನಿಕನ ಕಡೆಯದು. ಸೇನೆಯಲ್ಲಿ ಮಾತು ಅಂದ್ರೆ ಆದೇಶ. ಮೇಲಿನವರು ಹೇಳಿದ್ರು, ಮುಗೀತು. ರಾಜಕೀಯದಲ್ಲಿ ಯಾರಿಗೂ ಆದೇಶ ಕೊಡೋಕಾಗಲ್ಲ. ಒಪ್ಪಿಸಬೇಕು, ಕಾಯಬೇಕು, ಬೈಸಿಕೊಳ್ಳಬೇಕು, ನಿನ್ನೆ ಬೈದವನ ಮನೆಗೆ ಇವತ್ತು ಚಹಾ ಕುಡಿಯೋಕೆ ಹೋಗಬೇಕು. ಕಂಠಿಯವರು ಐದು ಭಾಗದ ಜನರಿದ್ದ ಸದನವನ್ನ ಐದು ವರ್ಷಕ್ಕೂ ಮೇಲೆ ನಡೆಸಿದ್ದು ಆದೇಶದಿಂದಲ್ಲ, ಎಲ್ಲರಿಗೂ ಮಾತಾಡೋಕೆ ಬಿಟ್ಟು. ಇದು ಬೇರೆಯೇ ಕಸುಬು, ಕಲಿಯಬೇಕಾದ ಕಸುಬು. ಮಾಜಿ ಸೈನಿಕ ಆದ ಮಾತ್ರಕ್ಕೆ ಒಳ್ಳೆ ಶಾಸಕ ಆಗ್ತಾನೆ ಅಂತ ನಾನು ಹೇಳ್ತಾ ಇಲ್ಲ.

ಹಾಗಾದ್ರೆ ಯಾರೂ ದಾಟಲೇ ಇಲ್ವಾ? ದಾಟಿದ್ದಾರೆ. ಕರಾವಳಿಯ ಕ್ಯಾಪ್ಟನ್ ಗಣೇಶ್ ಕಾರ್ಣಿಕ್. ಸೇನೆಯಲ್ಲಿ ಸೇವೆ ಮಾಡಿ ಬಂದು, ಬಿಜೆಪಿ ಸೇರಿ, ನೈಋತ್ಯ ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ ಸದಸ್ಯರಾದರು. 2018ರಲ್ಲಿ ಜೆಡಿಎಸ್‌ನ ಎಸ್.ಎಲ್. ಭೋಜೇಗೌಡರ ಎದುರು ಸೋಲುವವರೆಗೆ ಪರಿಷತ್ತಿನಲ್ಲಿ ಇದ್ದರು. ಅವರು ಹೋದ ಬಾಗಿಲನ್ನ ಗಮನಿಸಿ. ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕುವವರು ಶಿಕ್ಷಕರು ಮಾತ್ರ. ದಕ್ಷಿಣ ಕನ್ನಡ, ಉಡುಪಿ, ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಇಷ್ಟು ಅಗಲ ಹರಡಿದ ಕ್ಷೇತ್ರ. ಅಲ್ಲಿ ಯುದ್ಧದ ಕಥೆ ಹೇಳಿ ಗೆಲ್ಲೋಕಾಗಲ್ಲ. ಶಾಲೆ ಶಾಲೆಗೆ ಹೋಗಬೇಕು, ಮೇಷ್ಟ್ರುಗಳ ವೇತನ, ವರ್ಗಾವಣೆ, ಪಿಂಚಣಿ ಬಗ್ಗೆ ಗೊತ್ತಿರಬೇಕು. ಅಂದ್ರೆ 'ಕ್ಯಾಪ್ಟನ್' ಅನ್ನೋದು ಹೆಸರಿನ ಹಿಂದೆ ಇತ್ತು, ಓಟು ಕೇಳಬೇಕಾದದ್ದು ಬೇರೆ ಕೆಲಸದ ಮೇಲೆ. ಅದೇ ಕರಾವಳಿಯ ಕ್ಯಾಪ್ಟನ್ ಬ್ರಿಜೇಶ್ ಚೌಟ, ಗೂರ್ಖಾ ರೈಫಲ್ಸ್‌ನಲ್ಲಿ ಇದ್ದವರು, 2024ರಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಗೆದ್ದರು. ಅವರೂ ಸೇನೆ ಬಿಟ್ಟ ಮರುದಿನ ಬಂದು ಗೆದ್ದವರಲ್ಲ, ವರ್ಷಗಟ್ಟಲೆ ಪಕ್ಷದ ಸಂಘಟನೆಯಲ್ಲಿ ಕೆಲಸ ಮಾಡಿದವರು.

ಇನ್ನು ಚಹಾ ಅಂಗಡಿಯವರು ಹೇಳಿದ ಪಂಜಾಬಿನವರು ಅಂದ್ರೆ ಕ್ಯಾಪ್ಟನ್ ಅಮರಿಂದರ್ ಸಿಂಗ್. ಸಿಖ್ ರೆಜಿಮೆಂಟ್. ಸೇನೆ ಬಿಟ್ಟಿದ್ದರೂ 1965ರ ಯುದ್ಧ ಶುರುವಾದಾಗ ವಾಪಸ್ ಹೋದವರು. ಎರಡು ಅವಧಿಗೆ ಮುಖ್ಯಮಂತ್ರಿ. ಆದ್ರೆ ಅವರು ಪಟಿಯಾಲಾ ರಾಜಮನೆತನದವರು ಅನ್ನೋದನ್ನೂ ಸೇರಿಸಿ ಹೇಳಬೇಕು.

ಈವರೆಗೆ ನಾನು ಹೆಸರಿಸಿದವರೆಲ್ಲ ಯಾರು? ಕ್ಯಾಪ್ಟನ್, ಕ್ಯಾಪ್ಟನ್, ಜನರಲ್, ಮೇಜರ್ ಜನರಲ್. ಎಲ್ಲ ಅಧಿಕಾರಿಗಳು. ನಾಯಕ, ಹವಾಲ್ದಾರ, ಸಿಪಾಯಿ ಎಲ್ಲಿ? ನಮ್ಮ ಪಕ್ಕದ ಐಹೊಳೆಯ ಮೇಗುತಿ ಗುಡಿಯಲ್ಲಿ 634ನೇ ಇಸವಿಯ ಶಾಸನ ಇದೆ. ಇಮ್ಮಡಿ ಪುಲಕೇಶಿಯ ಗೆಲುವುಗಳನ್ನೆಲ್ಲ ಕವಿ ರವಿಕೀರ್ತಿ ಅದರಲ್ಲಿ ಹಾಡಿ ಹೊಗಳಿದ್ದಾನೆ. ಗೆದ್ದ ರಾಜನ ಹೆಸರಿದೆ, ಸೋತ ಹರ್ಷನ ಹೆಸರಿದೆ, ಬರೆದ ಕವಿಯ ಹೆಸರೂ ಇದೆ. ನರ್ಮದೆಯ ದಡದಲ್ಲಿ ನಿಂತು ಹೊಡೆದಾಡಿದ ಸಿಪಾಯಿಯ ಹೆಸರಿಲ್ಲ. ನಮ್ಮೂರ ರಸ್ತೆಯಲ್ಲಿ ಬೆಳಗ್ಗೆ ಓಡುವ ಹುಡುಗರು ಆಗೋದು ಸಿಪಾಯಿ. ಆದ್ದರಿಂದ ನನ್ನ ಪ್ರಶ್ನೆ ಅವರ ಬಗ್ಗೆ.

ಮತ್ತು ಆ ಪ್ರಶ್ನೆಗೆ ಈಗ ಅರ್ಜೆಂಟ್ ಬಂದಿದೆ. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಘೋಷಣೆ ಆಯ್ತು. ಘೋಷಣೆಯ ಷರತ್ತುಗಳು ಹೀಗಿದ್ದವು: ಹದಿನೇಳೂವರೆಯಿಂದ 21 ವರ್ಷದೊಳಗಿನವರು ಸೇರಬಹುದು, ಮೊದಲ ಸಲಕ್ಕೆ ಮಾತ್ರ 23ರವರೆಗೆ. ನಾಲ್ಕು ವರ್ಷ ಸೇವೆ. ಆಮೇಲೆ ಗರಿಷ್ಠ 25% ಜನ ಸೇನೆಯಲ್ಲಿ ಉಳೀತಾರೆ, ಉಳಿದವರು ಸೇವಾನಿಧಿಯ ಸುಮಾರು 11.71 ಲಕ್ಷ ರೂಪಾಯಿ ತಗೊಂಡು ಮನೆಗೆ. ಪಿಂಚಣಿ ಇಲ್ಲ. ಕಾಗದದ ಮೇಲೆ 'ಮಾಜಿ ಸೈನಿಕ' ಅನ್ನುವ ಸ್ಥಾನಮಾನವೂ ಇಲ್ಲ. ಮೊದಲ ತಂಡಗಳು ಸೇರಿದ್ದು 2022ರ ಕೊನೆ, 2023ರ ಆರಂಭದಲ್ಲಿ. ಹಾಗಾಗಿ ಅವರ ನಾಲ್ಕು ವರ್ಷ ತುಂಬೋದು 2026ರ ಕೊನೆ, 2027ರ ಆರಂಭಕ್ಕೆ.

ಇದರಲ್ಲಿ ಒಂದು ಮಾತು ಗಟ್ಟಿಯಾಗಿ ಕೇಳಿಸ್ಕೊಳ್ಳಿ. ಮಾಜಿ ಸೈನಿಕರಿಗೆ ಅಂತ ರಾಜ್ಯದಲ್ಲಿ ಕೋಟಾ ಇದೆ, ಜಮೀನು ಮಂಜೂರಾತಿಯಲ್ಲಿ ಅವಕಾಶ ಇದೆ. ಆದ್ರೆ ನಾಲ್ಕು ವರ್ಷ ಮುಗಿಸಿ ಬಂದ ಅಗ್ನಿವೀರ ಮಾಜಿ ಸೈನಿಕನ ಲೆಕ್ಕಕ್ಕೆ ಬರದಿದ್ರೆ, ಆ ಬಾಗಿಲುಗಳು ತಾವಾಗಿಯೇ ತೆರೆಯೋದಿಲ್ಲ. ಅವನಿಗೆ ಅಂತ ಬೇರೆ ನಿಯಮ ಮಾಡಬೇಕು. ಹರಿಯಾಣ ಸರ್ಕಾರ 2024ರಲ್ಲಿ ಪೊಲೀಸ್ ಕಾನ್‌ಸ್ಟೇಬಲ್, ಅರಣ್ಯ ರಕ್ಷಕ, ಜೈಲ್ ವಾರ್ಡರ್‌ನಂಥ ಹುದ್ದೆಗಳಲ್ಲಿ ಅಗ್ನಿವೀರರಿಗೆ 10% ಮೀಸಲು ಘೋಷಿಸಿತು. ಆ ತೀರ್ಮಾನ ಆದದ್ದು ಚಂಡೀಗಢದಲ್ಲಿ, ದಿಲ್ಲಿಯಲ್ಲಿ ಅಲ್ಲ. ನಮ್ಮ ಹುಡುಗರ ತೀರ್ಮಾನ ಆಗಬೇಕಾದದ್ದು ಬೆಂಗಳೂರಿನಲ್ಲಿ. ಅಲ್ಲಿ ಅದನ್ನ ಕೇಳುವವರು ಯಾರು?

ಈಗ ಇನ್ನೊಂದು ಲೆಕ್ಕ ನೋಡಿ. ಹದಿನೇಳೂವರೆಗೆ ಸೇರಿದವನು ಇಪ್ಪತ್ತೊಂದೂವರೆಗೆ ಊರಲ್ಲಿ. 21ಕ್ಕೆ ಸೇರಿದವನು 25ಕ್ಕೆ ಊರಲ್ಲಿ. ಸಂವಿಧಾನದ ಪ್ರಕಾರ ಗ್ರಾಮ ಪಂಚಾಯ್ತಿಗೆ, ಪಟ್ಟಣ ಪಂಚಾಯ್ತಿಗೆ ನಿಲ್ಲೋಕೆ 21 ಸಾಕು. ವಿಧಾನಸಭೆಗೆ 25. ಪರಿಷತ್ತಿಗೆ 30. ಹಳೆ ಕಾಲದ ಜವಾನ ಊರಿಗೆ ಬರುವಷ್ಟರಲ್ಲಿ ನಲವತ್ತರ ಹತ್ತಿರ, ಊರು ಅವನನ್ನ ಮರೆತಿರುತ್ತಿತ್ತು. ಅಗ್ನಿವೀರನಿಗೆ ಹಾಗಲ್ಲ. ಅವನ ಜೊತೆ ಕಬಡ್ಡಿ ಆಡಿದವರು ಇನ್ನೂ ಊರಲ್ಲೇ ಇರ್ತಾರೆ, ವಾಟ್ಸಾಪ್ ಗ್ರೂಪಿನಲ್ಲಿ ಅವನೂ ಇರ್ತಾನೆ. ನಾನು ಹೇಳಿದ ಮೊದಲ ಕಾರಣ, ಊರಲ್ಲಿ ಇಲ್ಲದಿರೋದು, ಅವನ ವಿಷಯದಲ್ಲಿ ಅರ್ಧ ಕರಗಿ ಹೋಗುತ್ತೆ. ಯೋಜನೆ ಅವನಿಂದ ಪಿಂಚಣಿ ಕಿತ್ತುಕೊಂಡಿದೆ, ವಯಸ್ಸು ಮಾತ್ರ ಅವನ ಕಡೆ ಉಳಿದಿದೆ.

ಹಾಗಂತ ಎಲ್ಲರೂ ಎಂಎಲ್ಎ ಆಗ್ರಿ ಅಂತ ನಾನು ಹೇಳಲ್ಲ. ಕುರ್ಚಿ 224 ಮಾತ್ರ. ಆದ್ರೆ ವಾರ್ಡ್ ಮಟ್ಟದಲ್ಲಿ ನೂರಾರು ಕುರ್ಚಿ ಇವೆ. ನೀರು ಬಿಡುವ ಸಮಯ, ಬೀದಿ ದೀಪ, ಸಂತೆ ಜಾಗ, ಚರಂಡಿ. ಲೇಹ್‌ನ ಚಳಿಯಲ್ಲಿ ಡೀಸೆಲ್, ರೇಷನ್, ಹಾಸಿಗೆ ಲೆಕ್ಕ ಇಟ್ಟವನಿಗೆ ಇದು ಕಷ್ಟದ ಕೆಲಸ ಅಲ್ಲ. ಕಷ್ಟ ಇರೋದು ಜನರ ಜೊತೆ ಮಾತಾಡಿ ಒಪ್ಪಿಸೋದರಲ್ಲಿ. ಅದನ್ನ ಕಲಿಯೋಕೆ ಪಟ್ಟಣ ಪಂಚಾಯ್ತಿಗಿಂತ ಒಳ್ಳೆ ಶಾಲೆ ಇಲ್ಲ.

ನಾವು ಮತದಾರರು ಮಾಡಬಹುದಾದ ಮೂರು ಕೆಲಸ ಹೇಳಿ ಮುಗಿಸ್ತೀನಿ.

ಒಂದು. ನಿಮ್ಮ ಮನೆಯಲ್ಲಿ ಸೇವೆಯಲ್ಲಿರುವವರು ಇದ್ದರೆ, ಅವರ ಹೆಸರು ಸೇವಾ ಮತದಾರರ ಪಟ್ಟಿಯಲ್ಲಿ ಇದೆಯಾ ಕೇಳಿ. ಸೈನಿಕನಿಗೆ ಪ್ರಚಾರ ಮಾಡುವ ಹಕ್ಕಿಲ್ಲ, ಮತ ಹಾಕುವ ಹಕ್ಕು ಪೂರ್ತಿ ಇದೆ. ಅಂಚೆ ಮತಪತ್ರ ಈಗ ಆನ್‌ಲೈನ್‌ನಲ್ಲಿ ಅವನಿರುವ ಜಾಗಕ್ಕೆ ಬರುತ್ತೆ, ಪ್ರಿಂಟ್ ತೆಗೆದು ಗುರುತು ಹಾಕಿ ಅಂಚೆಯಲ್ಲಿ ಕಳಿಸಬೇಕು. ಬೇಕಿದ್ರೆ ಊರಲ್ಲಿರುವ ಒಬ್ಬರನ್ನ ತನ್ನ ಪರವಾಗಿ ಮತ ಹಾಕೋಕೆ ನೇಮಿಸಬಹುದು. ಜೊತೆಯಲ್ಲಿ ಇರುವ ಹೆಂಡತಿಗೂ ಸೇವಾ ಮತದಾರ ಆಗುವ ಅವಕಾಶ ಇದೆ. 2021ರ ತಿದ್ದುಪಡಿ ಆದ ಮೇಲೆ ಮಹಿಳಾ ಸೈನಿಕರ ಗಂಡನಿಗೂ ಇದೆ.

ಎರಡು. ಚುನಾವಣೆ ಬಂದಾಗ ಪೋಸ್ಟರ್‌ನಲ್ಲಿ ಸೈನಿಕನ ಫೋಟೋ ಕಂಡರೆ ನೆನಪಿಟ್ಟುಕೊಳ್ಳಿ, ಪ್ರಚಾರಕ್ಕೆ ಸೈನಿಕರ ಚಿತ್ರ ಬಳಸಬೇಡಿ ಅಂತ ಚುನಾವಣಾ ಆಯೋಗ 2013ರಲ್ಲಿ ಹೇಳಿದೆ, 2019ರಲ್ಲಿ ಮತ್ತೆ ಹೇಳಿದೆ. ಸೈನಿಕನ ಫೋಟೋ ಹಾಕುವ ಪಕ್ಷಕ್ಕೆ, "ಫೋಟೋ ಯಾಕ್ರೀ, ಟಿಕೆಟ್ ಕೊಡ್ರೀ" ಅಂತ ಕೇಳಿ.

ಮೂರು. ನಿಮ್ಮ ಶಾಸಕರಿಗೆ, ಯಾವ ಪಕ್ಷದವರೇ ಇರಲಿ, ಒಂದೇ ಪ್ರಶ್ನೆ ಹಾಕಿ. ವಾಪಸ್ ಬರುವ ಅಗ್ನಿವೀರನಿಗೆ ರಾಜ್ಯದ ನಿಯಮದಲ್ಲಿ ಯಾವ ಜಾಗ ಇದೆ, ಇಲ್ಲದಿದ್ರೆ ನೀವು ಸದನದಲ್ಲಿ ಯಾವಾಗ ಕೇಳ್ತೀರಿ? ಹುನಗುಂದದ ಮತದಾರರಿಗೆ ಈ ಪ್ರಶ್ನೆ ಕೇಳುವ ಹಕ್ಕು ಸ್ವಲ್ಪ ಹೆಚ್ಚೇ ಇದೆ. ಯಾಕಂದ್ರೆ ಈ ಕ್ಷೇತ್ರದಿಂದ ಹೋದ ಒಬ್ಬರು ಅರವತ್ತು ವರ್ಷದ ಹಿಂದೆ ನಮ್ಮ ಹುಡುಗರು ಸೇನೆಗೆ ಹೋಗುವ ದಾರಿ ಮಾಡಿಕೊಟ್ಟರು. ಅವರು ವಾಪಸ್ ಬರುವ ದಾರಿಯನ್ನ ಈಗಿನವರು ಮಾಡಲಿ.

ನಿಮ್ಮೂರಲ್ಲಿ ಪಂಚಾಯ್ತಿಗೆ ಗೆದ್ದ ಮಾಜಿ ಸೈನಿಕರು ಯಾರಾದ್ರೂ ಇದ್ದಾರಾ? ಅವರು ಏನು ಕೆಲಸ ಮಾಡಿದ್ರು ಅಂತ ಒಂದು ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಅಲ್ಲಿವರೆಗೆ, ಆರಾಮ ಇರ್ರಿ.